ನಾಯಿ ಏಕೆ ಬೊಗಳುತ್ತದೆ?



ನಾಯಿ ಬೊಗಳಿದೊಡನೆ ನಾವು "ಸುಮ್ಮನಿರು" ಎಂದು ಗದರುವುದು ವಾಡಿಕೆ. ಮಾತಿನ ಅರ್ಥವನ್ನರಿಯದ ಆ ಪ್ರಾಣಿ, ಯಜಮಾನನೂ ತನ್ನೊಡನೆ ದನಿಗೂಡಿಸಿದನೆಂದು ಬಗೆದು ಇನ್ನಷ್ಟು ಹುರುಪುಗೊಂಡೀತು.

ಬೊಗಳಿಕೆ ನಿರರ್ಥಕವಲ್ಲ. ಅಪರಿಚಿತನನ್ನು ಕಂಡಾಗ ದನಿ ತಗ್ಗಾಗಿ, ಒರಟಾಗಿ, ಎಡೆಬಿಡದೆ ಹೊರಡುತ್ತದೆ; ಒಂಟಿಯಾಗಿ ಕಟ್ಟಿದಾಗ ದನಿಯೇರಿ, ನಡುನಡುವೆ ಬಿಡುವುಗೊಂಡು ಬರುತ್ತದೆ. 2005ರಲ್ಲಿ ಬುಡಾಪೆಸ್ಟಿನ ವಿದ್ವಾಂಸರು ಧ್ವನಿಮುದ್ರಿತ ಬೊಗಳಿಕೆಗಳನ್ನು ಜನರಿಗೆ ಕೇಳಿಸಲು, ನಾಯಿ ಸಾಕದವರೂ ಕೇವಲ ಆಕಸ್ಮಿಕಕ್ಕಿಂತ ಮಿಗಿಲಾಗಿ ಸಂದರ್ಭವನ್ನು ಗುರುತಿಸಿದರು.

ಆದಕಾರಣ ಮೊದಲು ಕಾರಣವನ್ನರಸಬೇಕು. ಬಾಗಿಲಿಗೆ ಯಾರಾದರೂ ಬಂದಿದ್ದರೆ ಎದ್ದು ನೋಡಿ, ನಾಯಿಯನ್ನು ಶಾಂತವಾಗಿ ಕರೆದು, ಅದು ಮೌನವಾದ ಕ್ಷಣವೇ ತುತ್ತೊಂದನ್ನು ಕೊಡಿರಿ. ಒಂಟಿತನವಾದರೆ ಸರಪಣಿ ಬಿಚ್ಚಿ, ಜೊತೆಯಲ್ಲಿ ನಡೆದಾಡಿಸಿರಿ. ಬೊಗಳದ ನಾಯಿ ಹಠಾತ್ತನೆ ಬೊಗಳತೊಡಗಿದರೆ ವೈದ್ಯರಿಗೆ ತೋರಿಸಿರಿ.

ಈ ಕಡೆಯ ಮಾತನ್ನು ನಾನು ತಡವಾಗಿ ಕಲಿತೆನು. ನಮ್ಮ ಮುದಿನಾಯಿ ಒಮ್ಮೆ ರಾತ್ರಿಯೆಲ್ಲ ಬೊಗಳತೊಡಗಿತು. ಮೂರು ರಾತ್ರಿ ನಾನು ಬೆತ್ತ ಹಿಡಿದೆನು. ನಾಲ್ಕನೆಯ ದಿನ ಪಶುವೈದ್ಯರು ಅದರ ಕಿವಿಯೊಳಗಣ ಹುಣ್ಣನ್ನು ತೋರಿಸಿದರು. ಮದ್ದಿನಿಂದ ಬೊಗಳಿಕೆ ನಿಂತಿತು. ಬೆತ್ತವನ್ನು ಕಂಡರೆ ಅದು ಮುದುಡಿಕೊಳ್ಳುವುದು ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ.