ಪರದೇಶದಲ್ಲಿ ಲೆನ್ಸ್ ಖರೀದಿ: ಲೆಕ್ಕ ಮೊದಲು, ಅಂಗಡಿ ಆಮೇಲೆ

(ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ನನಗೆ ಕೊಟ್ಟ ವಿಷಯ "ವಿದೇಶ ಪ್ರವಾಸದಲ್ಲಿ ಕ್ಯಾಮೆರಾ ಲೆನ್ಸ್ ಖರೀದಿ". ಹೋದ ತಿಂಗಳು ಇದೇ ವೇದಿಕೆಯಲ್ಲಿ ಮಂಡಿನೋವಿನ ಬಗ್ಗೆ, ಅದರ ಹಿಂದಿನ ತಿಂಗಳು ಉಯಿಲು ಬರೆಯುವ ಬಗ್ಗೆ ಉಪನ್ಯಾಸ ಆಗಿತ್ತು. ಅವುಗಳ ಪಕ್ಕದಲ್ಲಿ ಲೆನ್ಸ್ ಎಂದರೆ ಹಗುರ ವಿಷಯ ಅನ್ನಿಸಬಹುದು. ಆದರೆ ಇದರಲ್ಲಿ ದುಡ್ಡಿದೆ, ಕಾನೂನಿದೆ, ಹೆಂಗಸರಾದ ನಮಗೆ ಸಂಬಂಧಿಸಿದ ಇನ್ನೊಂದು ಮಾತೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಮನೆ ಡೊಂಬಿವಲಿ, ಕೆಲಸ ಐರೋಲಿಯ ಒಂದು ಐಟಿ ಕಂಪನಿಯಲ್ಲಿ. ಐರೋಲಿ ಎಂದರೆ ಠಾಣೆ ಖಾರಿಯ ದಡ. ನವೆಂಬರ್ ಕಳೆದ ಮೇಲೆ ಆ ಕೆಸರಿನಲ್ಲಿ ಸಾವಿರಗಟ್ಟಲೆ ರಾಜಹಂಸಗಳು ಬಂದಿಳಿಯುತ್ತವೆ. ಬೇಸಿಗೆಯ ಕೊನೆಯವರೆಗೂ ಇರುತ್ತವೆ. 2015ರಲ್ಲಿ ಸರ್ಕಾರ ಆ ಜಾಗವನ್ನು ರಾಜಹಂಸಗಳ ಅಭಯಾರಣ್ಯ ಎಂದು ಘೋಷಿಸಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ತಾಣದ ಮಾನ್ಯತೆಯೂ ಸಿಕ್ಕಿತು. ಆಫೀಸಿನ ಕಿಟಕಿಯಿಂದ ಗುಲಾಬಿ ಗೆರೆಯ ಹಾಗೆ ಕಾಣುವ ಈ ಹಕ್ಕಿಗಳನ್ನು ಹತ್ತಿರದಿಂದ ತೆಗೆಯಬೇಕು ಎಂಬ ಆಸೆಯಿಂದ ನನ್ನ ಲೆನ್ಸ್ ಹುಡುಕಾಟ ಶುರುವಾಯಿತು. ಸಂಬಳದಿಂದ ತಿಂಗಳಿಗೆ 4,000 ರೂಪಾಯಿಯಂತೆ ಎರಡು ವರ್ಷ ಆರ್‌ಡಿ ಕಟ್ಟಿದೆ. ಅಷ್ಟರಲ್ಲಿ, 2024ರ ಮೇ ತಿಂಗಳಲ್ಲಿ, ಸಿಂಗಾಪುರ ಪ್ರವಾಸ ನಿಶ್ಚಯವಾಯಿತು. ಸುದ್ದಿ ತಿಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಅಲ್ಲೇ ತಗೋ, ಅಲ್ಲಿ ಅಗ್ಗ."

ಅಗ್ಗ ಹೌದೋ ಅಲ್ಲವೋ ಎಂದು ಹೊರಡುವ ಮೊದಲೇ ಲೆಕ್ಕ ಹಾಕಿದೆ. ಎಂ.ಟೆಕ್ ಓದಿದ್ದು ಎಷ್ಟು ಉಪಯೋಗಕ್ಕೆ ಬಂತೋ ಗೊತ್ತಿಲ್ಲ, ಈ ಲೆಕ್ಕಕ್ಕೆ ಕೂಡುವುದು, ಕಳೆಯುವುದು, ಶೇಕಡಾ ಗೊತ್ತಿದ್ದರೆ ಸಾಕು.

ಹಕ್ಕಿಗೆ ಬೇಕಾದ ದೊಡ್ಡ ಝೂಮ್ ಲೆನ್ಸಿಗೆ ನಮ್ಮ ಫೋರ್ಟಿನ ಅಂಗಡಿಯಲ್ಲಿ 1,02,000 ರೂಪಾಯಿ ಹೇಳಿದ್ದರು. ಸಿಂಗಾಪುರದಲ್ಲಿ, ಅಲ್ಲಿನ ತೆರಿಗೆ ವಾಪಸು ಬಂದ ಮೇಲೆ, ನಮ್ಮ ದುಡ್ಡಿನಲ್ಲಿ 90,000. ಹನ್ನೆರಡು ಸಾವಿರ ಉಳಿತಾಯ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆಗ ಚಾಲ್ತಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮದ ಪ್ರಕಾರ ಸಿಂಗಾಪುರದಂಥ ದೇಶದಿಂದ ಮರಳುವ ಭಾರತೀಯರಿಗೆ ತಲೆಗೆ 50,000 ರೂಪಾಯಿ ಮೌಲ್ಯದ ಸಾಮಾನಿಗೆ ಮಾತ್ರ ಸುಂಕವಿರಲಿಲ್ಲ. ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ ಶೇ. 35 ಸುಂಕ, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್, ಒಟ್ಟು ಶೇ. 38.5. ಅಂದರೆ ಮಿಕ್ಕ 40,000 ರೂಪಾಯಿಗೆ 15,400 ಸುಂಕ. ಕಾರ್ಡಿನಲ್ಲಿ ಕೊಟ್ಟರೆ ಬ್ಯಾಂಕಿನವರು ವಿದೇಶಿ ವಹಿವಾಟಿಗೆಂದು ಶೇ. 3.5ರ ಸುಮಾರಿಗೆ ಹಿಡಿಯುತ್ತಾರೆ, ಅದಕ್ಕೆ ಜಿಎಸ್‌ಟಿ ಬೇರೆ. ಅದು 3,700. ಎಲ್ಲ ಕೂಡಿದರೆ 1,09,000 ದಾಟಿತು! ಫೋರ್ಟಿನಲ್ಲೇ ಏಳು ಸಾವಿರ ಕಡಿಮೆ, ಮೇಲಾಗಿ ಭಾರತದ ವಾರಂಟಿ.

ಇಲ್ಲಿ ಮೂರು ವಿಷಯ ನೆನಪಿಡಿ. ಒಂದು, ಈ ಮಿತಿ ಲೆನ್ಸಿಗೆ ಮಾತ್ರವಲ್ಲ. ನೀವು ತರುವ ಸೆಂಟು, ಚಾಕಲೇಟು, ಮಕ್ಕಳ ಆಟಿಕೆ ಎಲ್ಲವೂ ಅದರೊಳಗೇ ಬರಬೇಕು. ಎರಡು, ಗಂಡನ ಪಾಲು ಹೆಂಡತಿಯ ಪಾಲು ಕೂಡಿಸಿ ಒಂದು ಲಕ್ಷದ ಒಂದೇ ಸಾಮಾನು ತರಲು ಬರುವುದಿಲ್ಲ. ಮೂರು, ಈ ಮೊತ್ತ, ಈ ದರ ಸರ್ಕಾರ ಬದಲಾಯಿಸುತ್ತಿರುತ್ತದೆ. ಹೊರಡುವ ವಾರ ಕಸ್ಟಮ್ಸ್ ಇಲಾಖೆಯ, ಅಂದರೆ ಸಿಬಿಐಸಿಯ, ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ನನ್ನ ಅಂಕಿಯನ್ನು ಉರುಹೊಡೆಯಬೇಡಿ, ಲೆಕ್ಕದ ಕ್ರಮವನ್ನು ಇಟ್ಟುಕೊಳ್ಳಿ.

ಈ ಲೆಕ್ಕ ತೋರಿಸಿದಾಗ ಮನೆಯ ಹಿರಿಯರೊಬ್ಬರು, ಸಂಬಂಧದಲ್ಲಿ ನನಗೆ ಚಿಕ್ಕಮಾವ, ನಕ್ಕುಬಿಟ್ಟರು. "ಡಬ್ಬ ಅಲ್ಲೇ ಬಿಸಾಡಿ, ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು ಹಸಿರು ದಾರಿಯಲ್ಲಿ ಬಂದುಬಿಡು ಮಗಾ, ಹೆಂಗಸರನ್ನು ಯಾರು ನಿಲ್ಲಿಸ್ತಾರೆ?" ಎಂದರು. ಪ್ರೀತಿಯಿಂದ ಹೇಳಿದ ಮಾತು. ಅವರಿಗೆ ನಾನು ಹೇಳಿದ್ದು ಇಷ್ಟೇ: "ಮಾವ, ಸಿಕ್ಕಿಬಿದ್ದರೆ ಸುಂಕದ ಜೊತೆ ದಂಡ, ಸಾಮಾನು ಜಪ್ತಿಯಾದರೂ ಆಯಿತು. ಸಿಕ್ಕಿಬೀಳದಿದ್ದರೂ ಆ ಲೆನ್ಸ್ ಹಿಡಿದಾಗಲೆಲ್ಲ ನನಗೆ ವಿಮಾನ ನಿಲ್ದಾಣವೇ ನೆನಪಾಗುತ್ತದೆ, ಹಕ್ಕಿ ಕಾಣುವುದಿಲ್ಲ." ಎರಡು ವರ್ಷ ಜೋಡಿಸಿದ ದುಡ್ಡಿನ ಸಾಮಾನು ಬಚ್ಚಿಟ್ಟು ತರುವಂಥದ್ದು ಆಗಬಾರದು. ಮಿತಿ ಮೀರಿದ್ದರೆ ಕೆಂಪು ದಾರಿಗೆ ಹೋಗಿ ಬಿಲ್ ತೋರಿಸಿ ಸುಂಕ ಕಟ್ಟಿ ರಸೀದಿ ಪಡೆಯಿರಿ. ಮುಂದೆ ಅದೇ ಲೆನ್ಸ್ ಹಿಡಿದು ಇನ್ನೊಂದು ದೇಶಕ್ಕೆ ಹೋಗಿ ಬರುವಾಗ ಆ ರಸೀದಿ ನಿಮ್ಮನ್ನು ಕಾಯುತ್ತದೆ.

ಹಾಗೆಯೇ ಇಲ್ಲಿಂದ ಹಳೆಯ ಬೆಲೆಬಾಳುವ ಕ್ಯಾಮೆರಾ, ಲೆನ್ಸ್ ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಲೆನ್ಸಿನ ಮೇಲಿರುವ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ. ಮರಳಿ ಬರುವಾಗ ಇದು ನಮ್ಮದೇ ಎನ್ನಲು ಅದೇ ಸಾಕ್ಷಿ. ಅರ್ಧ ಗಂಟೆ ಮುಂಚೆ ಹೊರಟರೆ ಸಾಕು. ಲೆನ್ಸನ್ನೂ ಬಿಡಿ ಬ್ಯಾಟರಿಗಳನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ.

ಇನ್ನು ಎಲ್ಲಿ ಏನು ಎಂಬ ವಿಷಯ. ಸಿಂಗಾಪುರದಲ್ಲಿ ಸಿಟಿ ಹಾಲ್ ಎಂಆರ್‌ಟಿ ನಿಲ್ದಾಣದ ಸುತ್ತ ಪೆನಿನ್ಸುಲಾ ಶಾಪಿಂಗ್ ಸೆಂಟರ್, ಫುನಾನ್ ಕಡೆ ಕ್ಯಾಮೆರಾ ಅಂಗಡಿಗಳಿವೆ. 2024ರ ಜನವರಿಯಿಂದ ಅಲ್ಲಿನ ಜಿಎಸ್‌ಟಿ ಶೇ. 9. ನೂರು ಸಿಂಗಾಪುರ ಡಾಲರಿಗೆ ಮೇಲ್ಪಟ್ಟ ಖರೀದಿಗೆ, ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿದ್ದರೆ, ಹೊರಡುವಾಗ ಚಾಂಗಿಯಲ್ಲಿ ವಾಪಸು ಪಡೆಯಬಹುದು. ನಿರ್ವಹಣೆಯ ಶುಲ್ಕ ಕಳೆದು ಬರುವುದರಿಂದ ಪೂರಾ ಒಂಬತ್ತು ಸಿಗುವುದಿಲ್ಲ. ಟೋಕಿಯೋದ ಶಿಂಜುಕುವಿನಲ್ಲಿ ಯೊಡೊಬಾಶಿಯಂಥ ಬಹುಮಹಡಿ ಮಳಿಗೆ ಇದೆ, ಬಳಸಿದ ಲೆನ್ಸ್ ಮಾರುವ ಮ್ಯಾಪ್ ಕ್ಯಾಮೆರಾದಂಥ ಅಂಗಡಿಯೂ ಇದೆ. ಹಾಂಗ್‌ಕಾಂಗಿನಲ್ಲಿ ಮಾರಾಟ ತೆರಿಗೆಯೇ ಇಲ್ಲ, ಆದ್ದರಿಂದ ವಾಪಸಿನ ಮಾತೂ ಇಲ್ಲ. ಲಂಡನ್ನಿಗೆ ಮಗಳ ಮನೆಗೆ ಹೋಗುವವರು ಗಮನಿಸಿ: 2021ರ ಜನವರಿಯಿಂದ ಅಲ್ಲಿ ಪ್ರವಾಸಿಗರು ಅಂಗಡಿಯಿಂದ ಕೈಯಲ್ಲಿ ತರುವ ಸಾಮಾನಿಗೆ ವ್ಯಾಟ್ ವಾಪಸು ನಿಂತಿದೆ. ನ್ಯೂಯಾರ್ಕಿನ ಹೆಸರಾಂತ ಬಿ ಆ್ಯಂಡ್ ಎಚ್ ಅಂಗಡಿ ಯಹೂದಿಗಳ ಸಬ್ಬತ್ ದಿನದಂದು, ಶುಕ್ರವಾರ ಸಂಜೆಯಿಂದ ಶನಿವಾರ, ಬಾಗಿಲು ತೆಗೆಯುವುದಿಲ್ಲ. ಶನಿವಾರ ಬಿಡುವು ಎಂದು ಹೋದರೆ ಬಾಗಿಲು ನೋಡಿ ಬರಬೇಕು. ಅಲ್ಲಿ ಫಲಕದ ಬೆಲೆಗೆ ಮಾರಾಟ ತೆರಿಗೆ ಸೇರಿರುವುದಿಲ್ಲ, ಬಿಲ್ಲಿನಲ್ಲಿ ಸೇರುತ್ತದೆ.

ಅಂಗಡಿಯೊಳಗೆ ಏನು ನೋಡಬೇಕು? ಮೊದಲು ಮೌಂಟ್. ಒಂದು ಕುಕ್ಕರಿನ ಮುಚ್ಚಳ ಇನ್ನೊಂದಕ್ಕೆ ಕೂರುವುದಿಲ್ಲ ಅಲ್ಲವೇ, ಹಾಗೇ. ಒಂದೇ ಕಂಪನಿಯದ್ದಾದರೂ ಹಳೆಯ ಎಸ್‌ಎಲ್‌ಆರ್ ಲೆನ್ಸ್ ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ ನೇರವಾಗಿ ಕೂರುವುದಿಲ್ಲ, ಅಡಾಪ್ಟರ್ ಬೇಕು. ಆದ್ದರಿಂದ ನಿಮ್ಮ ಕ್ಯಾಮೆರಾವನ್ನೇ ಒಯ್ಯಿರಿ. ಲೆನ್ಸ್ ಹಾಕಿ ನಿಮ್ಮ ಕಾರ್ಡಿನಲ್ಲೇ ಹತ್ತು ಫೋಟೊ ತೆಗೆಯಿರಿ, ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ. ಬಳಸಿದ ಲೆನ್ಸಾದರೆ ಮೊಬೈಲಿನ ಟಾರ್ಚ್ ಹಾಯಿಸಿ, ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಕೆಳಗಿಟ್ಟುಬಿಡಿ. ಡಬ್ಬದ ಮೇಲಿನ, ಲೆನ್ಸಿನ ಮೇಲಿನ, ವಾರಂಟಿ ಕಾರ್ಡಿನ ನಂಬರ್ ಮೂರೂ ಒಂದೇ ಇರಬೇಕು. ವಾರಂಟಿ ಆ ದೇಶಕ್ಕೆ ಮಾತ್ರವೋ ಭಾರತದಲ್ಲೂ ನಡೆಯುತ್ತದೆಯೋ ಎಂದು ಹೊರಡುವ ಮೊದಲೇ ಮುಂಬಯಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಪ್ರವಾಸಿಗರೇ ತುಂಬಿದ ಬೀದಿಯಲ್ಲಿ ಬೆಲೆ ತೀರಾ ಕಡಿಮೆ ಹೇಳಿ, ದುಡ್ಡು ಕೊಡುವ ಹೊತ್ತಿಗೆ "ಅದು ಮುಗಿಯಿತು, ಇದು ಇನ್ನೂ ಚೆನ್ನ" ಎನ್ನುವವರಿದ್ದರೆ ನಮಸ್ಕಾರ ಹೇಳಿ ಹೊರಬನ್ನಿ.

ಈಗ ಮೊದಲು ಹೇಳಿದ ಆ ಇನ್ನೊಂದು ಮಾತು. ಸಿಂಗಾಪುರದ ಒಂದು ಅಂಗಡಿಯಲ್ಲಿ ಕ್ಯಾಮೆರಾ ನನ್ನ ಕುತ್ತಿಗೆಯಲ್ಲಿತ್ತು, ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಮಾತ್ರ ನಮ್ಮವರಿಗೆ ಹೋಗುತ್ತಿತ್ತು. ಅವರೋ ಫೋನಿನಲ್ಲಿ ಫೋಟೊ ತೆಗೆದರೆ ಬೆರಳನ್ನೂ ಸೇರಿಸಿ ತೆಗೆಯುವವರು! "ಲೆನ್ಸ್ ಇವಳಿಗೆ, ದುಡ್ಡೂ ಇವಳದೇ" ಎಂದು ಅವರು ಹೇಳಿದ ಮೇಲೆ ಮಾತು ನನ್ನ ಕಡೆ ತಿರುಗಿತು. ಇದು ಹೊಸದಲ್ಲ. ನಮ್ಮ ಇದೇ ಮುಂಬಯಿಯಲ್ಲಿ ಜೆ.ಜೆ. ಕಲಾಶಾಲೆಯಲ್ಲಿ ಓದಿದ ಹೋಮಾಯಿ ವ್ಯಾರಾವಾಲಾ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. 1913ರಲ್ಲಿ ಹುಟ್ಟಿದವರು. ಆರಂಭದ ದಿನಗಳಲ್ಲಿ ಅವರು ತೆಗೆದ ಚಿತ್ರಗಳು ಅಚ್ಚಾದದ್ದು ಪತಿ ಮಾಣೆಕ್‌ಶಾ ಅವರ ಹೆಸರಿನಲ್ಲಿ. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂದಾಗ ವಯಸ್ಸು ತೊಂಬತ್ತೇಳು.

ನಮ್ಮ ಮನೆಗಳ ಆಲ್ಬಮ್ ತೆಗೆದು ನೋಡಿ. ನನ್ನ ಅಜ್ಜಿಯ ಒಂಟಿ ಫೋಟೊ ನಮ್ಮಲ್ಲಿ ಒಂದೂ ಇಲ್ಲ. ಮದುವೆಯ ಗುಂಪಿನಲ್ಲಿ ಮೂರನೆಯ ಸಾಲಿನಲ್ಲಿ ನಿಂತಿದ್ದ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿ ಗೋಡೆಗೆ ಹಾಕಿದ್ದಾರೆ. ಕಣ್ಣು ಯಾವುದು, ನೆರಳು ಯಾವುದು ತಿಳಿಯುವುದಿಲ್ಲ. ಅಡುಗೆಮನೆಯಲ್ಲಿದ್ದವರನ್ನು ಕರೆದು ಯಾರೂ ಫೋಟೊ ತೆಗೆಯಲಿಲ್ಲ, ಅಷ್ಟು ಕತ್ತಲಲ್ಲಿ ತೆಗೆಯಬಲ್ಲ ಲೆನ್ಸೂ ಇರಲಿಲ್ಲ.

ಅದಕ್ಕೇ ಸಿಂಗಾಪುರದಿಂದ ನಾನು ತಂದದ್ದು ದೊಡ್ಡ ಝೂಮ್ ಅಲ್ಲ, 50 ಎಂಎಂನ ಎಫ್ 1.8 ಎಂಬ ಪುಟ್ಟ ಲೆನ್ಸ್. ಇಲ್ಲಿ 20,000 ಇದ್ದದ್ದು ಅಲ್ಲಿ ತೆರಿಗೆ ಕಳೆದು 16,500ಕ್ಕೆ ಸಿಕ್ಕಿತು, ಸುಂಕದ ಮಿತಿಯೊಳಗೂ ಇತ್ತು. ಎಫ್ ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು, ಬೆಳಕು ಹೆಚ್ಚು. ಕ್ಯಾಮೆರಾದ ಜೊತೆ ಬರುವ ಮಾಮೂಲಿ ಲೆನ್ಸ್ ಎಫ್ 5.6ರಲ್ಲಿ ಒಳಬಿಡುವ ಬೆಳಕಿನ ಒಂಬತ್ತು ಪಟ್ಟಿಗಿಂತ ಹೆಚ್ಚನ್ನು ಇದು ಬಿಡುತ್ತದೆ. ಡೊಂಬಿವಲಿಯ ನಮ್ಮ ಅಡುಗೆಮನೆಗೆ ಒಂದೇ ಕಿಟಕಿ, ಅದರ ಎದುರು ಪಕ್ಕದ ಕಟ್ಟಡ. ಅಲ್ಲಿ ತೊಂಡೆಕಾಯಿ ಹೆಚ್ಚುತ್ತಾ ಕುಳಿತ ಅಮ್ಮನನ್ನು ಫ್ಲ್ಯಾಶ್ ಇಲ್ಲದೆ ತೆಗೆದೆ. "ಸೀರೆ ಬದಲಾಯಿಸಿ ಬರ್ತೇನೆ ತಡಿ" ಎಂದರು ಅಮ್ಮ. ಬಿಡಲಿಲ್ಲ. ಆ ಫೋಟೊದಲ್ಲಿ ಅವರ ಕೈಯ ಸುಟ್ಟ ಕಲೆಯೂ ಕಾಣುತ್ತದೆ, ನಗುವೂ ಕಾಣುತ್ತದೆ. ಅದನ್ನು ಅವರೇ ತಮ್ಮ ವಾಟ್ಸಾಪಿಗೆ ಹಾಕಿಕೊಂಡಿದ್ದಾರೆ.

ದೊಡ್ಡ ಝೂಮನ್ನು ಅದೇ ವರ್ಷ ದಸರಾ ಹೊತ್ತಿಗೆ ಫೋರ್ಟಿನಲ್ಲೇ ಕೊಂಡೆ. ಆರ್‌ಡಿ ದುಡ್ಡಿಗೆ ಬೋನಸ್ಸಿನ ಸ್ವಲ್ಪ ಸೇರಿಸಿದೆ. "ಆ ದುಡ್ಡಿಗೆ ಬಂಗಾರ ಬರುತ್ತಿತ್ತಲ್ಲ" ಎಂದರು ಅತ್ತೆ. ನಿಜ, ಬರುತ್ತಿತ್ತು. ಬಂಗಾರ ಲಾಕರಿನಲ್ಲಿ ಇರುತ್ತಿತ್ತು, ಲೆನ್ಸ್ ಪ್ರತಿ ಭಾನುವಾರ ಹೊರಗೆ ಬರುತ್ತದೆ. ಈಗ ಯಕ್ಷಗಾನದ ಫೋಟೊ ತೆಗೆಯಲು ಅತ್ತೆಯೇ ಕರೆದುಕೊಂಡು ಹೋಗುತ್ತಾರೆ. ಸಿಎಸ್‌ಎಂಟಿಯಿಂದ ಹತ್ತು ನಿಮಿಷ ನಡೆದರೆ ಡಿ.ಎನ್. ರಸ್ತೆ, ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳು. ವಿದೇಶಕ್ಕೆ ಹೋಗುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬೆಲೆ ಬರೆದುಕೊಂಡು ಬನ್ನಿ.

ಕೊನೆಯದಾಗಿ, ತಂದ ಮೇಲಿನ ಆರೈಕೆ. ಮುಂಬಯಿಯ ಜೂನ್‌ನಿಂದ ಸೆಪ್ಟೆಂಬರ್ ಲೆನ್ಸಿನ ಶತ್ರು. ಗಾಜಿನ ಮೇಲೆ ಬೂಷ್ಟು ಬೆಳೆದರೆ ಲೇಪನವನ್ನೇ ತಿಂದುಹಾಕುತ್ತದೆ. ಚರ್ಮದ ಚೀಲದಲ್ಲಿ ಕಪಾಟಿನೊಳಗೆ ಮುಚ್ಚಿಡಬೇಡಿ. ತೇವಾಂಶವನ್ನು ಶೇ. 40ರಿಂದ 50ರಲ್ಲಿ ಇಡುವ ಡ್ರೈ ಕ್ಯಾಬಿನೆಟ್ ಸಿಗುತ್ತದೆ. ಅದು ದುಬಾರಿ ಎನ್ನಿಸಿದರೆ ನಾವು ಹಪ್ಪಳ ಇಡುತ್ತೇವಲ್ಲ, ಅಂಥ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ. ಹರಳಿನ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯ ಔಷಧ, ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು.

ಡಿಸೆಂಬರಿನಲ್ಲಿ ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿಯಲ್ಲಿ ರಾಜಹಂಸ ನೋಡಲು ಹೋಗೋಣ ಎಂದು ಅಧ್ಯಕ್ಷೆಯವರಲ್ಲಿ ಕೇಳಿಕೊಂಡಿದ್ದೇನೆ. ಕ್ಯಾಮೆರಾ ಇದ್ದವರು ತನ್ನಿ, ಇಲ್ಲದವರಿಗೆ ನನ್ನದು ಕೈಯಿಂದ ಕೈಗೆ ಹೋಗಲಿ. ತೆಗೆದ ಚಿತ್ರಗಳನ್ನು ಮುಂದಿನ ಇ-ಸಂಚಿಕೆಗೆ ನಿಮ್ಮ ನಿಮ್ಮ ಹೆಸರಿನಲ್ಲೇ ಕಳುಹಿಸಿ.