ತಾಳಗುಪ್ಪದ ಹಳಿಯೂ ನಮ್ಮ ರಜೆಯೂ
(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸಿನ ಮಾತನ್ನು ಇವತ್ತು ನಾನು ಎತ್ತುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನನ್ನದು ಒಂದು ರೈಲು ಹಳಿಯ ಮಾತು. ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರದ ಮೇಲೆ ಹಾಯ್ದು ತಾಳಗುಪ್ಪದಲ್ಲಿ ನಿಂತುಹೋಗುವ ಹಳಿ. ಉದ್ದ ಸುಮಾರು 97 ಕಿಲೋಮೀಟರು. ಸಾಗರ, ಹೊಸನಗರ, ಸೊರಬ, ಸಿದ್ದಾಪುರದ ಕಡೆಯ ಮಾಣಿಗಳು, ಅಡಿಗೆಯವರು ಈ ಸಭೆಯಲ್ಲೇ ಎಷ್ಟು ಮಂದಿ ಇದ್ದೀರಿ, ಸ್ವಲ್ಪ ಕೈ ಎತ್ತಿ. ನೋಡಿ, ಇದು ನಾಲ್ಕು ಜನರ ವಿಷಯವಲ್ಲ.

ಮೈಸೂರು ಸಂಸ್ಥಾನದ ಕಾಲದಲ್ಲಿ ಹಾಕಿದ ಮೀಟರ್ ಗೇಜು ಹಳಿ ಇದು. ಕೊನೆಕೊನೆಗೆ ಇದರ ಮೇಲೆ ಒಂದು ರೈಲ್ ಬಸ್ಸು ಓಡುತ್ತಿತ್ತು. ಬಸ್ಸಿನಂಥದ್ದೇ ಗಾಡಿ, ಕೆಳಗೆ ಮಾತ್ರ ರೈಲಿನ ಚಕ್ರ. ಆಮೇಲೆ ಹಳಿಯನ್ನು ಅಗಲ ಮಾಡಿದರು. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್ ಗೇಜು ಮುಗಿಯಿತು. ಬೆಂಗಳೂರಿಗೆ, ಮೈಸೂರಿಗೆ ಗಾಡಿಗಳು ಬಂದವು. ಸಂತೋಷ. ಆದರೆ ಅವುಗಳ ನಡುವೆ ಗಂಟೆಗಟ್ಟಲೆ ಆ ಹಳಿ ಬರಿದಾಗಿ ಬಿದ್ದಿರುತ್ತದೆ. ಜನ ಕಡಿಮೆ, ಆದ್ದರಿಂದ ಗಾಡಿ ಕಡಿಮೆ ಎಂದು ಉತ್ತರ ಬರುತ್ತದೆ.

ಹೋಟೆಲಿನವನಾದ ನನಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಬೆಳಿಗ್ಗೆ ಏಳಕ್ಕೆ ಇಡ್ಲಿ ಕೇಳಿ ಬಂದ ಗಿರಾಕಿಗೆ ಹನ್ನೊಂದಕ್ಕೆ ಬಾ ಎನ್ನುವುದು. ರಾತ್ರಿ ಗಲ್ಲದಲ್ಲಿ ಕೂತು, ಈ ಪೇಟೆಯಲ್ಲಿ ಇಡ್ಲಿ ತಿನ್ನುವವರೇ ಇಲ್ಲವೆಂದು ಬರೆದಿಡುವುದು! ಅಂಥ ಧಣಿಯ ಹೋಟೆಲು ಎಷ್ಟು ದಿನ ನಡೆದೀತು?

ನಮ್ಮ ಪ್ರಯಾಣವನ್ನೇ ನೋಡಿ. ಮುಂಬಯಿಯಿಂದ ತಾಳಗುಪ್ಪಕ್ಕೆ ನೇರ ಗಾಡಿ ಇಲ್ಲ. ಮೀರಜು, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ ದಾಟಿ ಬೀರೂರಿನಲ್ಲಿ ಇಳಿಯಬೇಕು. ದಾದರಿನಿಂದ ಮೈಸೂರಿಗೆ ಹೋಗುವ ಗಾಡಿಗೆ ಶರಾವತಿ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದಾರೆ. ಅದು ಶರಾವತಿಯ ಸೀಮೆಗೆ ಹೋಗದೆ ಬೀರೂರಿನ ಮೇಲೆ ಹಾದುಹೋಗುತ್ತದೆ. ಇಳಿದವನಿಗೆ ಮುಂದಿನ ಗಾಡಿ ಕೂಡಿ ಬರಲಿಲ್ಲವೆಂದರೆ ಪ್ಲಾಟ್‌ಫಾರ್ಮಿನ ಬೆಂಚೇ ಗತಿ. ಅವನು ಬಸ್ಸು ಹಿಡಿಯುತ್ತಾನೆ. ಸಾಗರದ ಸ್ಟೇಶನ್ನಿನ ಲೆಕ್ಕದಲ್ಲಿ ಅವನು ಹುಟ್ಟೇ ಇಲ್ಲ. ಇನ್ನು ಕೆಲವರು ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕೆ ಬಂದು ಗೇರುಸೊಪ್ಪೆಯ ಘಾಟಿ ಹತ್ತುತ್ತಾರೆ. ಅವರೂ ಈ ಲೆಕ್ಕಕ್ಕೆ ಸೇರುವುದಿಲ್ಲ.

ಇದು ಬರೀ ಅನುಕೂಲದ ಮಾತಲ್ಲ. ತಾಯಿಗೆ ಹುಷಾರಿಲ್ಲವೆಂದು ಐದು ದಿನ ರಜೆ ಸಿಕ್ಕಿದವನಿಗೆ, ಅದೂ ಸಂಬಳ ಕಟ್ಟಾದ ರಜೆ, ದಾರಿಯಲ್ಲೇ ಮೂರು ದಿನ ಹೋದರೆ ತಾಯಿಯ ಹತ್ತಿರ ಕೂರುವುದು ಯಾವಾಗ? ಹೆಣದ ಮುಖ ನೋಡಲೂ ಸಿಗದೆ ಬೂದಿಗೆ ಕೈಮುಗಿದು ಬಂದವರು ನಮ್ಮಲ್ಲಿದ್ದಾರೆ.

ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಹಾಕಬೇಕೆಂಬ ಬೇಡಿಕೆ ಬಹಳ ಹಳೆಯದು. ಅದು ದಟ್ಟ ಕಾಡು, ಘಾಟಿ. ಆ ಭಾಷಣ ಮಾಡುವವರು ಮಾಡಲಿ. ಇರುವ ಹಳಿಯ ಮೇಲೆ ಗಾಡಿ ಓಡಿಸಿ ಎಂದು ಕೇಳುವುದು ನನ್ನ ಮಟ್ಟಿಗೆ ಮೊದಲ ಕೆಲಸ.

ಬೀರೂರಿನಿಂದ ತಾಳಗುಪ್ಪಕ್ಕೆ ಒಂದು ಚಿಕ್ಕ ಗಾಡಿ ಸಾಕು. ಎರಡು ತುದಿಯಲ್ಲೂ ಚಾಲಕನ ಕೋಣೆ ಇರುವ ಡೆಮು, ಮೆಮು ಗಾಡಿಗಳಿವೆಯಲ್ಲ, ಅಂಥದ್ದು. ಎಂಜಿನ್ನು ಬಿಚ್ಚಿ, ಸುತ್ತಿಸಿ, ಮತ್ತೊಂದು ಕಡೆ ಕಟ್ಟುವ ರಗಳೆ ಇಲ್ಲ. ಬಂದ ಗಾಡಿ ಹಾಗೆಯೇ ತಿರುಗಿ ಹೊರಡಬಹುದು. ಆದರೆ ಹುಬ್ಬಳ್ಳಿ ಕಡೆಯ ಗಾಡಿ ಬಂದ ಮೇಲೆ ಅದು ಬೀರೂರು ಬಿಡಬೇಕು, ಮೊದಲೇ ಅಲ್ಲ. ತಾಳಗುಪ್ಪದಲ್ಲಿ ಸಿದ್ದಾಪುರಕ್ಕೂ ಜೋಗಕ್ಕೂ ಸರಕಾರಿ ಬಸ್ಸು ಕಾದಿರಬೇಕು. ಜೋಗ ಅಲ್ಲಿಂದ ಸುಮಾರು 15 ಕಿಲೋಮೀಟರು. ಜಲಪಾತ ನೋಡಲು ಬರುವವರೂ ಗಾಡಿ ತುಂಬಿಸುತ್ತಾರೆ.

ನಮ್ಮ ಕೈಯಲ್ಲೇ ಇರುವ ಕೆಲಸವೂ ಉಂಟು. ಊರಿಗೆ ಹೋಗುವಾಗ ಬೀರೂರಿಗೆ ಒಂದು, ಸಾಗರಕ್ಕೆ ಒಂದು ಎಂದು ಬಿಡಿಬಿಡಿ ಟಿಕೇಟು ಕೊಳ್ಳಬೇಡಿ. ಕೊನೆಯ ಸ್ಟೇಶನ್ನಿನವರೆಗೆ ಒಂದೇ ಟಿಕೇಟು ಕೇಳಿ. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ ನಿಮಗೂ ಉಳಿತಾಯ, ಸಾಗರದ ಹೆಸರೂ ರೈಲ್ವೆಯ ಪುಸ್ತಕದಲ್ಲಿ ಬರುತ್ತದೆ. ಎರಡು ರಿಸರ್ವೇಶನ್ ಮಾಡಿಸಲೇಬೇಕಾದರೆ ಅವುಗಳ ಪಿ.ಎನ್.ಆರ್. ಜೋಡಿಸಿ. 2019ರ ಏಪ್ರಿಲ್ 1ರಿಂದ ಈ ಪದ್ಧತಿ ಬಂದಿದೆ. ಮೊದಲನೆಯ ಗಾಡಿ ತಡವಾಗಿ ಎರಡನೆಯದು ತಪ್ಪಿದರೆ, ಪ್ರಯಾಣ ಮಾಡದ ಭಾಗದ ಹಣ ವಾಪಸು ಕೇಳಬಹುದು.

ಮನವಿ ಹೋಗಬೇಕಾದದ್ದು ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕಚೇರಿಗೆ, ಪ್ರತಿ ಮೈಸೂರು ವಿಭಾಗಕ್ಕೆ. ವೇಳಾಪಟ್ಟಿ ತಿದ್ದುವುದಕ್ಕೆ ಮುಂಚೆ ಹೋಗಬೇಕು, ಅಚ್ಚಾದ ಮೇಲಲ್ಲ. ಪ್ರಯಾಣಿಕರ ಸಲಹಾ ಸಮಿತಿಗಳಲ್ಲಿ ನಮ್ಮ ಕಡೆಯವರು ಯಾರಿದ್ದಾರೆಂದು ಕಾರ್ಯದರ್ಶಿಗಳು ವಿಚಾರಿಸಲಿ. ಕಳೆದ ಒಂದು ವರ್ಷದಲ್ಲಿ ನೀವು ಎಷ್ಟು ಸಲ ಊರಿಗೆ ಹೋದಿರಿ, ಯಾವ ದಾರಿಯಲ್ಲಿ, ಎಷ್ಟು ಹಣ, ಎಷ್ಟು ಗಂಟೆ ಹಿಡಿಯಿತು ಎಂದು ಬರೆಸಲು ಬಾಗಿಲ ಬಳಿ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ಬರೆಯಲು ಬಾರದವರಿಗೆ ಬರೆದುಕೊಡಲು ಇಬ್ಬರು ಹುಡುಗರು ಕೂತಿದ್ದಾರೆ. ರಾತ್ರಿ ಪಾಳಿಯವರು ಮೊದಲು ಬರೆಸಿ ಹೊರಡಿ, ಉಳಿದವರು ಆಮೇಲೆ.