ಬಿಸಿನೀರು, ಬೀಗದ ಕೈ
ಹಂಡೆಯಿಂದ ಸುಡುಸುಡು ನೀರು ಮೊಗೆದು ತಲೆಗೆ ಹುಯ್ದುಕೊಳ್ಳುವುದು ನಮ್ಮ ಬಚ್ಚಲುಮನೆಗಳ ಸುಖ. ಕೆಲವರಿಗೆ ಅದೇ ನೀರು ಫಿಟ್ಸ್ ತರಿಸುತ್ತದೆ. ಬಿಸಿನೀರಿನ ಅಪಸ್ಮಾರ ಎಂಬ ಈ ಕಾಯಿಲೆ ಜಗತ್ತಿನಲ್ಲಿ ಹೆಚ್ಚಾಗಿ ವರದಿಯಾದ ಜಾಗಗಳಲ್ಲಿ ದಕ್ಷಿಣ ಕರ್ನಾಟಕವೂ ಒಂದು. ನೀರಿನ ಬಿಸಿ ತಗ್ಗಿಸಿ, ತಲೆಗೆ ಹುಯ್ಯುವುದನ್ನು ಬಿಟ್ಟರೆ ಎಷ್ಟೋ ಜನರಿಗೆ ಆರಾಮ. ಇಷ್ಟು ಮಾತು ಕಿವಿಗೆ ಬೀಳದೆ ಮಂತ್ರವಾದಿಗಳ ಮನೆ ಅಲೆದವರಿದ್ದಾರೆ.

ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ತುರುಕುವುದು ಇನ್ನೂ ನಿಂತಿಲ್ಲ. ಅದರಿಂದ ಏನೂ ಆಗದು. ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು.

ಮದುವೆ ಮುರಿದೀತೆಂದು ಹೆಣ್ಣುಮಕ್ಕಳ ಫಿಟ್ಸ್ ಮಾತ್ರೆಯನ್ನೇ ನಿಲ್ಲಿಸುವ ಮನೆಗಳಿವೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗುವ ಕಾರಣಗಳಿಂದ ಅಪಸ್ಮಾರವನ್ನು 1999ರಲ್ಲೇ ಕೈಬಿಡಲಾಗಿದೆ. ಸುದ್ದಿ ಇನ್ನೂ ಛತ್ರ ತಲುಪಿಲ್ಲ, ಅಷ್ಟೆ!

ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಅಗ್ಗದ ಮಾತ್ರೆಗಳಿಂದಲೇ ಫಿಟ್ಸ್ ಹತೋಟಿಗೆ ಬರುವುದನ್ನು ತೋರಿಸಿಕೊಟ್ಟರು. ರಾಜ್ಯ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ 2022ರಲ್ಲಿ ಕೈಜೋಡಿಸಿದ ಮೇಲೆ, ಮಿದುಳಿನ ಕಾಯಿಲೆಗಳ ಕ್ಲಿನಿಕ್‌ಗಳು ಜಿಲ್ಲಾ ಆಸ್ಪತ್ರೆಗಳಿಗೂ ಬಂದಿವೆ. ಅಲ್ಲಿಗೆ ಹೋಗುವಾಗ ಫಿಟ್ಸ್ ಕಣ್ಣಾರೆ ಕಂಡವರೊಬ್ಬರು ಜೊತೆಗಿರಲಿ. ಮೊಬೈಲಿನಲ್ಲಿ ಅದರ ವಿಡಿಯೊ ಇದ್ದರೆ ವೈದ್ಯರ ಅರ್ಧ ಕೆಲಸ ಹಗುರ.